ಆಫೀಸಿನಲ್ಲಿ ನಾನು ಬೇರೆಯೇ ಮನುಷ್ಯ. ಇದು ನಾಟಕವೇ?

ಪ್ರಶ್ನೆ: ಮೇಡಂ, ನಮಸ್ಕಾರ. ನನಗೆ 33 ವರ್ಷ. ಊರು ಹಾವೇರಿ ಜಿಲ್ಲೆಯ ಒಂದು ಹಳ್ಳಿ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ, ದಾವಣಗೆರೆಯಲ್ಲಿ ಇಂಜಿನಿಯರಿಂಗ್. ಈಗ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದೇನೆ. ಹೋದ ವರ್ಷ ಟೀಮ್ ಲೀಡ್ ಮಾಡಿದರು. ಅಲ್ಲಿಂದ ಶುರುವಾಯಿತು ಕಿರಿಕಿರಿ. ನಾನು ಮೊದಲಿನಿಂದ ಕಡಿಮೆ ಮಾತಿನವನು. ಅಪ್ರೈಸಲ್‌ನಲ್ಲಿ ಮ್ಯಾನೇಜರ್ "ನಿನ್ನ ಕೆಲಸ ಚೆನ್ನಾಗಿದೆ, ಆದರೆ ನೀನು ಎಲ್ಲೂ ಕಾಣಿಸೋದೇ ಇಲ್ಲ, ಮೀಟಿಂಗ್‌ನಲ್ಲಿ ಮಾತಾಡು" ಎಂದರು. ಕಂಪನಿಯ ಟ್ರೈನಿಂಗ್‌ನಲ್ಲಿ ಒಂದು ಪರ್ಸನಾಲಿಟಿ ಟೆಸ್ಟ್ ಕೊಟ್ಟರು, ಅದರಲ್ಲೂ ನಾನು ಇಂಟ್ರೊವರ್ಟ್, ಅಂದರೆ ಅಂತರ್ಮುಖಿ, ಅಂತ ಬಂತು. ಅವತ್ತಿನಿಂದ ಬಲವಂತವಾಗಿ ಜೋರಾಗಿ ಮಾತಾಡ್ತಿದ್ದೇನೆ. ಶುಕ್ರವಾರದ ಪಾರ್ಟಿಗೆ ಹೋಗ್ತೇನೆ, ಕುಡಿಯದಿದ್ದರೂ ಗ್ಲಾಸ್ ಹಿಡಿದು ಕೊನೆವರೆಗೂ ಕೂರುತ್ತೇನೆ. ನಮ್ಮ ಕಡೆ ಮಾತು ಆಡಿದರೆ ಟೀಮಿನ ಒಬ್ಬ ಹುಡುಗ ಅದನ್ನೇ ಮಿಮಿಕ್ರಿ ಮಾಡ್ತಾನೆ, ಎಲ್ಲರೂ ನಗ್ತಾರೆ, ನಾನೂ ನಗ್ತೇನೆ. ಹಾಗಾಗಿ ಈಗ ಆಫೀಸಿನಲ್ಲಿ ಬೆಂಗಳೂರು ಕನ್ನಡವನ್ನೇ ಆಡ್ತೇನೆ. ಹೋದ ತಿಂಗಳು ಒಂದು ಕ್ಲೈಂಟ್ ಕಾಲ್‌ನಲ್ಲಿ ಟೆಸ್ಟಿಂಗ್ ಅರ್ಧ ಬಾಕಿ ಇದ್ದರೂ "ಎಲ್ಲ ಮುಗಿದಿದೆ ಅಂತ ಹೇಳು, ಕಾನ್ಫಿಡೆಂಟ್ ಆಗಿ ಹೇಳು" ಎಂದು ಮ್ಯಾನೇಜರ್ ಚಾಟ್‌ನಲ್ಲಿ ಹಾಕಿದರು. ಹೇಳಿಬಿಟ್ಟೆ. ಮನೆಗೆ ಬಂದರೆ ಹೆಂಡತಿ ಜೊತೆ ಒಂದು ಮಾತೂ ಬರುವುದಿಲ್ಲ. ಊರಿಗೆ ಫೋನ್ ಮಾಡಿದಾಗ ಅವ್ವ "ಏನಪಾ, ಬೆಂಗಳೂರಿನವ್ರಂಗ ಮಾತಾಡಾಕತ್ತಿ" ಅಂದಳು. ಆ ರಾತ್ರಿ ನಿದ್ದೆ ಬರಲಿಲ್ಲ. ಮುಂದಿನ ಪ್ರಮೋಷನ್‌ಗೆ ಇದೆಲ್ಲ ಬೇಕು ಅಂತಾರೆ. ನಾನು ನಾಟಕ ಮಾಡ್ತಿದ್ದೇನಾ? ನಾನು ಇದ್ದ ಹಾಗೇ ಇರಬೇಕಾ, ಬದಲಾಗಬೇಕಾ, ಕೆಲಸ ಬಿಡಬೇಕಾ? (ಹೆಸರು ಬೇಡ)

ಉತ್ತರ: ನಿಮ್ಮ ಪತ್ರದಲ್ಲಿ ಪ್ರಮೋಷನ್ ಬಗ್ಗೆ ಇರುವುದು ಒಂದೇ ಸಾಲು. ಉಳಿದದ್ದೆಲ್ಲ ನೀವು ಯಾರು ಅನ್ನುವುದರ ಬಗ್ಗೆ. ಹಾಗಾಗಿ ನಿಮ್ಮ ನಿಜವಾದ ಭಯ ಏನೆಂದು ನನಗೆ ಅನ್ನಿಸಿದ್ದನ್ನು ಮೊದಲು ಹೇಳುತ್ತೇನೆ: ಹೀಗೇ ಇನ್ನೆರಡು ವರ್ಷ ನಡೆದರೆ ಊರಿನಿಂದ ಬಂದ ಆ ಹುಡುಗ ಪೂರ್ತಿ ಕಳೆದುಹೋಗುತ್ತಾನೆ, ಅವ್ವನಿಗೂ ಹೆಂಡತಿಗೂ ಗುರುತು ಸಿಗದ ಯಾರೋ ಒಬ್ಬ ಉಳಿಯುತ್ತಾನೆ ಅಂತ. ಕೌನ್ಸೆಲಿಂಗ್‌ಗೆ ನನ್ನ ಹತ್ತಿರ ಬರುವ ಟೀಮ್ ಲೀಡ್‌ಗಳಲ್ಲಿ, ಅದರಲ್ಲೂ ಚಿಕ್ಕ ಊರುಗಳಿಂದ ಬಂದವರಲ್ಲಿ, ಈ ಭಯ ತುಂಬಾ ನೋಡಿದ್ದೇನೆ. ಇದು ಸುಮ್ನೆ ತಳ್ಳಿಹಾಕುವ ಭಯ ಅಲ್ಲ.

ಆದರೆ ನೀವು ಐದು ಬೇರೆ ಬೇರೆ ಸಂಗತಿಗಳನ್ನು ಬರೆದು ಐದಕ್ಕೂ ನಾಟಕ ಅನ್ನುವ ಒಂದೇ ಹೆಸರಿಟ್ಟಿದ್ದೀರಿ. ಮೀಟಿಂಗ್‌ನಲ್ಲಿ ಜಾಸ್ತಿ ಮಾತಾಡುವುದು ಸ್ವಭಾವದ ವಿಷಯ. ಪಾರ್ಟಿಯಲ್ಲಿ ಕೂರುವುದು ಬರೀ ರೂಢಿ. ಬೆಂಗಳೂರು ಕನ್ನಡ ಆಡುವುದು ಮಾತಿನ ವಿಷಯ. ಆ ಹುಡುಗನ ಮಿಮಿಕ್ರಿಗೆ ನಗುವುದು ಮರ್ಯಾದೆಯ ವಿಷಯ. ಆಗದ ಟೆಸ್ಟಿಂಗ್ ಆಗಿದೆ ಎಂದು ಹೇಳಿದ್ದು ಸುಳ್ಳು. ಮೊದಲ ಮೂರರಲ್ಲಿ ನೀವು ಎಷ್ಟು ಬೇಕಾದರೂ ಹೊಂದಿಕೊಳ್ಳಬಹುದು, ಅದರಿಂದ ನೀವು ನೀವಲ್ಲದೆ ಹೋಗುವುದಿಲ್ಲ. ಕೊನೆಯ ಎರಡರಲ್ಲಿ ಹೊಂದಿಕೊಳ್ಳಬೇಡಿ. ನಿದ್ದೆ ಕೆಡಿಸಿದ್ದು ಅವ್ವನ ಮಾತು ಅಂತ ನೀವು ಬರೆದಿದ್ದೀರಿ. ನನಗೆ ಅನುಮಾನ, ಅದಕ್ಕಿಂತ ಜಾಸ್ತಿ ಕೆಡಿಸಿದ್ದು ಆ ಕ್ಲೈಂಟ್ ಕಾಲ್.

ಈಗ ನೀವು ನಂಬಿಕೊಂಡಿರುವ ಕೆಲವು ವಿಷಯ ನೋಡೋಣ.

ನಿಜವಾದ ಮನುಷ್ಯ ಎಲ್ಲ ಕಡೆ ಒಂದೇ ಥರ ಇರುತ್ತಾನೆ ಎಂದು ನಾವು ಅಂದುಕೊಳ್ಳುತ್ತೇವೆ. ಇದು ಸರಿಯಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಫ್ಲೀಸನ್ 2001ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ ಜನರ ಕೈಗೆ ಪುಟ್ಟ ಯಂತ್ರ ಕೊಟ್ಟು, ದಿನಕ್ಕೆ ಹಲವು ಸಲ, ಈಗ ಎಷ್ಟು ಮಾತಾಡುತ್ತಿದ್ದೀರಿ, ಎಷ್ಟು ಶಿಸ್ತಾಗಿದ್ದೀರಿ, ಎಷ್ಟು ಕಿರಿಕಿರಿಯಲ್ಲಿದ್ದೀರಿ ಎಂದು ಬರೆಸಿಕೊಂಡರು. ಒಬ್ಬನೇ ಮನುಷ್ಯ ಒಂದೆರಡು ವಾರದೊಳಗೆ ಮೌನದಿಂದ ಹಿಡಿದು ಗಲಾಟೆಯವರೆಗೆ ಹೆಚ್ಚುಕಡಿಮೆ ಎಲ್ಲ ಥರ ನಡೆದುಕೊಂಡಿದ್ದ. ಆದರೆ ಅವನ ಸರಾಸರಿ ಮಾತ್ರ ವಾರದಿಂದ ವಾರಕ್ಕೆ ಅಷ್ಟಾಗಿ ಬದಲಾಗಲಿಲ್ಲ. ಸ್ವಭಾವ ಅನ್ನುವುದು ಈ ಸರಾಸರಿಯಲ್ಲಿದೆ. ಒಂದು ಕಾಲ್‌ನಲ್ಲಿ, ಒಂದು ಪಾರ್ಟಿಯಲ್ಲಿ ಹೇಗಿದ್ದಿರಿ ಅನ್ನುವುದು ಅದನ್ನು ಅಳಿಸುವುದಿಲ್ಲ. ಊರಲ್ಲಿ ಗೆಳೆಯರ ಜೊತೆ ಕಟ್ಟೆಯ ಮೇಲೆ ಕೂತಾಗ ಒಂದು ಥರ, ಮಾವನವರ ಮನೆಯಲ್ಲಿ ಊಟಕ್ಕೆ ಕೂತಾಗ ಇನ್ನೊಂದು ಥರ ಇರುತ್ತೀರಿ. ಆಗ ನಿಮಗೆ ನಾಟಕ ಅನ್ನಿಸುವುದಿಲ್ಲ, ಅಲ್ವಾ? ಅಲ್ಲಿ ಬದಲಾಗುವುದನ್ನು ಚಿಕ್ಕಂದಿನಿಂದ ಕಲಿತಿದ್ದೀರಿ, ಆಫೀಸಿನದು ಹೊಸದು. ಹೊಸ ನಡವಳಿಕೆ ಮೊದಮೊದಲು ಯಾರಿಗಾದರೂ ಸುಳ್ಳು ಅನ್ನಿಸುತ್ತದೆ.

ಆ ಪರ್ಸನಾಲಿಟಿ ಟೆಸ್ಟ್ ವಿಷಯ. ಯಾವ ಟೆಸ್ಟ್ ಅಂತ ನೀವು ಬರೆದಿಲ್ಲ. ಕಂಪನಿಗಳ ಟ್ರೈನಿಂಗ್‌ನಲ್ಲಿ ತುಂಬಾ ಬಳಕೆಯಲ್ಲಿರುವುದು ಮೈಯರ್ಸ್-ಬ್ರಿಗ್ಸ್ ಟೆಸ್ಟ್, ಕೊನೆಗೆ ನಾಲ್ಕು ಇಂಗ್ಲಿಷ್ ಅಕ್ಷರ ಕೊಡುತ್ತದಲ್ಲ, ಅದು. ಇದನ್ನು ಮಾಡಿದವರು ಕ್ಯಾಥರೀನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಾಬೆಲ್ ಮೈಯರ್ಸ್. ಇಬ್ಬರೂ ಮನಶ್ಶಾಸ್ತ್ರದಲ್ಲಿ ತರಬೇತಿ ಪಡೆದವರಲ್ಲ. ಇದರ ದೊಡ್ಡ ತೊಂದರೆ ಏನೆಂದರೆ ನಿಮ್ಮನ್ನು ಈ ಕಡೆ ಇಲ್ಲವೇ ಆ ಕಡೆ ಎಂದು ಭಾಗ ಮಾಡಿಬಿಡುತ್ತದೆ. ನಿಜದಲ್ಲಿ ಬಹಳಷ್ಟು ಜನ ನಡುವೆ ಎಲ್ಲೋ ಇರುತ್ತಾರೆ. ಕೆಲವು ವಾರ ಬಿಟ್ಟು ಮತ್ತೆ ಬರೆದರೆ ಸುಮಾರು ಜನರಿಗೆ ಬೇರೆ ಅಕ್ಷರ ಬರುತ್ತದೆ. ಕೆಲಸಕ್ಕೆ ಆಯ್ಕೆ ಮಾಡಲು ಇದನ್ನು ಬಳಸಬೇಡಿ ಎಂದು ಇದನ್ನು ಮಾರುವ ಸಂಸ್ಥೆಯೇ ಹೇಳುತ್ತದೆ. ನಿಮ್ಮ ಟೆಸ್ಟ್ ಯಾವುದೇ ಇರಲಿ, ನೀವು ಕಡಿಮೆ ಮಾತಿನವರು ಅನ್ನುವುದು ನಿಮಗೆ ಮೊದಲೇ ಗೊತ್ತಿತ್ತು. ಆ ಒಂದು ಪದವನ್ನು ಹಣೆಬರಹ ಅಂದುಕೊಳ್ಳಬೇಡಿ.

ಕಡಿಮೆ ಮಾತಿನವನು ಒಳ್ಳೆಯ ಲೀಡ್ ಆಗಲಾರ ಅನ್ನುವುದು ಇನ್ನೊಂದು. ಬಹುಶಃ ನಿಮ್ಮ ಮ್ಯಾನೇಜರ್ ಕೂಡ ಇದನ್ನು ನಂಬಿದ್ದಾರೆ. ಮನಶ್ಶಾಸ್ತ್ರಜ್ಞ ಆಡಮ್ ಗ್ರಾಂಟ್ ಮತ್ತು ಇಬ್ಬರು ಜೊತೆಗಾರರು ಅಮೆರಿಕದ ಒಂದು ಪಿಜ್ಜಾ ಕಂಪನಿಯ 57 ಅಂಗಡಿಗಳನ್ನು ನೋಡಿ 2011ರಲ್ಲಿ ಬರೆದರು. ಕೆಲಸಗಾರರು ಹೇಳಿದ್ದಷ್ಟೇ ಮಾಡುವವರಾದರೆ ಮಾತುಗಾರ ಮುಖ್ಯಸ್ಥರ ಅಂಗಡಿಗೆ ಲಾಭ ಜಾಸ್ತಿ ಬಂತು. ಕೆಲಸಗಾರರು ತಾವೇ ಮುಂದೆ ಬಂದು ಸಲಹೆ ಕೊಡುವವರಾದರೆ ಕಡಿಮೆ ಮಾತಿನ ಮುಖ್ಯಸ್ಥರ ಅಂಗಡಿಗಳೇ ಮುಂದಿದ್ದವು, ಯಾಕೆಂದರೆ ಅವರು ಆ ಸಲಹೆ ಕೇಳಿಸಿಕೊಳ್ಳುತ್ತಿದ್ದರು. ನಿಮ್ಮ ಟೀಮ್ ಎಂಥದ್ದು ಎಂದು ಯೋಚಿಸಿ. ಅನುಭವ ಇರುವ ಇಂಜಿನಿಯರ್‌ಗಳ ಟೀಮ್ ಆದರೆ ನಿಮ್ಮ ಸ್ವಭಾವ ಅಲ್ಲಿ ಕೆಲಸಕ್ಕೆ ಬರುವಂಥದ್ದೇ.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಕಡೆಯನ್ನೂ ಹೇಳಬೇಕು. ಹೊಂದಿಕೊಳ್ಳುವವರು ಮೇಲೆ ಹೋಗುತ್ತಾರೆ, ಇದು ನಿಜ. ಎದುರಿಗಿರುವವರನ್ನು ನೋಡಿಕೊಂಡು ತಮ್ಮ ನಡವಳಿಕೆ ತಿದ್ದಿಕೊಳ್ಳುವ ಗುಣವನ್ನು ಅಳೆಯಲು ಮನಶ್ಶಾಸ್ತ್ರಜ್ಞ ಮಾರ್ಕ್ ಸ್ನೈಡರ್ 1974ರಲ್ಲೇ ಒಂದು ಪ್ರಶ್ನಾವಳಿ ಮಾಡಿದ್ದರು. ಮಾರ್ಟಿನ್ ಕಿಲ್ಡಫ್ ಮತ್ತು ಡೇವಿಡ್ ಡೇ ಎಂಬ ಸಂಶೋಧಕರು ಅದನ್ನೇ ಬಳಸಿ 139 ಎಂಬಿಎ ಪದವೀಧರರನ್ನು 5 ವರ್ಷ ಹಿಂಬಾಲಿಸಿದರು. ಈ ಗುಣ ಜಾಸ್ತಿ ಇದ್ದವರಿಗೆ ಪ್ರಮೋಷನ್ ಜಾಸ್ತಿ ಸಿಕ್ಕಿತ್ತು. ಹಾಗಾಗಿ "ನೀವು ಇದ್ದ ಹಾಗೇ ಇರಿ, ಜಗತ್ತು ಬೇಕಾದರೆ ಬದಲಾಗಲಿ" ಎಂದು ನಾನು ನಿಮಗೆ ಹೇಳುವುದಿಲ್ಲ. ಆ ಸಲಹೆ ಕೇಳಲು ಚೆಂದ. ಆದರೆ ಇಂಗ್ಲಿಷ್ ಮನೆಮಾತಿನಷ್ಟು ಸಲೀಸಾಗಿರುವ, ನಗರದಲ್ಲಿ ಬೆಳೆದ, ಮಾತಿನಲ್ಲಿ ಮುಂದಿರುವ ಒಬ್ಬರು ಆಫೀಸಿನಲ್ಲಿ ತಾವು ಇದ್ದ ಹಾಗೇ ಇದ್ದರೆ ಅವರಿಗೆ ಖರ್ಚೇ ಇಲ್ಲ, ಆಫೀಸು ಮೊದಲಿನಿಂದ ಅವರ ಅಳತೆಗೇ ಇದೆ. ನಿಮಗೆ ಖರ್ಚಿದೆ. ಈ ವ್ಯತ್ಯಾಸವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅದಕ್ಕೇ ನಿಮ್ಮಂಥವರು ತಮ್ಮಲ್ಲೇ ಏನೋ ಕೊರತೆ ಇದೆ ಅಂದುಕೊಂಡು ನಲುಗುತ್ತಾರೆ.

ಇನ್ನು ಸುಸ್ತು ಯಾಕೆ? ಮನೆಗೆ ಬಂದರೆ ಮಾತು ಯಾಕೆ ಬರುವುದಿಲ್ಲ? ಸಮಾಜಶಾಸ್ತ್ರಜ್ಞೆ ಆರ್ಲಿ ಹೋಕ್‌ಶೀಲ್ಡ್ ವಿಮಾನದ ಗಗನಸಖಿಯರನ್ನು ಅಧ್ಯಯನ ಮಾಡಿ 1983ರಲ್ಲಿ ಒಂದು ವ್ಯತ್ಯಾಸ ಗುರುತಿಸಿದರು. ಒಳಗೆ ಸಿಟ್ಟಿದ್ದರೂ ಮುಖದ ಮೇಲೆ ನಗು ತಂದುಕೊಳ್ಳುವುದು ಒಂದು. ಎದುರಿನವರ ಕಷ್ಟವನ್ನು ಯೋಚಿಸಿ, ತನ್ನ ಒಳಗಿನ ಭಾವನೆಯನ್ನೇ ಸ್ವಲ್ಪ ಬದಲಿಸಿಕೊಂಡು ನಗುವುದು ಇನ್ನೊಂದು. ಆಮೇಲೆ ಸುಮಾರು ಮೂವತ್ತು ವರ್ಷ ನಡೆದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು 2011ರಲ್ಲಿ ನೋಡಿದಾಗ, ಮನುಷ್ಯರನ್ನು ಬಳಲಿಸುತ್ತಿದ್ದದ್ದು ಮುಖ್ಯವಾಗಿ ಮೊದಲನೆಯದು ಎಂದು ಕಂಡಿತು. ನಡವಳಿಕೆ ಬದಲಾದದ್ದಕ್ಕಿಂತ, ಅನ್ನಿಸಿದ್ದನ್ನು ಇಡೀ ದಿನ ಒಳಗೇ ಅದುಮಿಟ್ಟುಕೊಳ್ಳುವುದು ಜಾಸ್ತಿ ತಿನ್ನುತ್ತದೆ. ನಿಮ್ಮ ಮಿಮಿಕ್ರಿಯ ನಗು, ಆ ಕಾಲ್‌ನ ಕಾನ್ಫಿಡೆಂಟ್ ದನಿ, ಪಾರ್ಟಿಯ ಗ್ಲಾಸ್, ಮೂರೂ ಇದೇ ಜಾತಿಯವು. ಅದರ ಮೇಲೆ ಬಾಯಿಂದ ನಮ್ಮ ಕಡೆ ಮಾತು ಜಾರಿಬಿಟ್ಟೀತು ಎಂದು ಪ್ರತಿ ವಾಕ್ಯವನ್ನೂ ಕಾಯುತ್ತೀರಿ. ಕೋಡ್ ಬರೆಯುವುದು ಒಂದು ಕೆಲಸ, ಬಾಯಿ ಕಾಯುವುದು ಇನ್ನೊಂದು. ಸಂಜೆ ಹೊತ್ತಿಗೆ ಹೆಂಡತಿಗಾಗಿ ಏನೂ ಉಳಿದಿರುವುದಿಲ್ಲ.

2019ರಲ್ಲಿ ಮೆಲ್ಬರ್ನ್‌ನಲ್ಲಿ ಒಂದು ಪ್ರಯೋಗದ ಫಲಿತಾಂಶ ಬಂತು. ಒಂದು ವಾರ ಧೈರ್ಯವಾಗಿ, ಮಾತುಗಾರರಾಗಿ, ಮುಂದೆ ಬಿದ್ದು ನಡೆದುಕೊಳ್ಳಿ ಎಂದು ಜನರಿಗೆ ಹೇಳಿದರು. ಸರಾಸರಿ ನೋಡಿದರೆ ಅವರಿಗೆ ಖುಷಿ ಜಾಸ್ತಿಯಾಗಿತ್ತು, ತಾವು ತಾವಾಗಿದ್ದೇವೆ ಅಂತಲೂ ಅನ್ನಿಸಿತ್ತು. ಆದರೆ ತುಂಬಾ ಅಂತರ್ಮುಖಿಗಳಾದವರಿಗೆ ಆ ಲಾಭ ಅಷ್ಟು ಸಿಗಲಿಲ್ಲ, ಸುಸ್ತು ಮಾತ್ರ ಬಂತು. ಇದರಿಂದ ನಾನು ತೆಗೆದುಕೊಳ್ಳುವ ಪಾಠ ಇಷ್ಟು: ನೀವು ಜೋರಾಗಿ ಮಾತಾಡಬಹುದು, ಆದರೆ ಬೆಳಗಿನಿಂದ ಸಂಜೆವರೆಗೆ ಅಲ್ಲ. ಎಲ್ಲಿ ಬೇಕೋ ಅಲ್ಲಿ, ನೀವೇ ಆರಿಸಿಕೊಂಡು.

ಇನ್ನೊಂದು ಕಾರಣ ನಾವು ಬೆಳೆದ ರೀತಿಯಲ್ಲಿದೆ. ದೊಡ್ಡವರು ಮಾತಾಡುವಾಗ ನಡುವೆ ಬಾಯಿ ಹಾಕಬಾರದು, ತನ್ನ ಕೆಲಸ ತಾನೇ ಹೊಗಳಿಕೊಳ್ಳಬಾರದು ಎಂದು ಕಲಿತು ಬಂದಿದ್ದೀರಿ. ಅದು ಒಳ್ಳೆಯ ಗುಣವೇ. ಆದರೆ ನಿಮ್ಮ ಮೌನವನ್ನು ಮ್ಯಾನೇಜರ್ ಮರ್ಯಾದೆ ಎಂದು ಓದುತ್ತಿಲ್ಲ, ಇವನಿಗೆ ಅಭಿಪ್ರಾಯವೇ ಇಲ್ಲ ಎಂದು ಓದುತ್ತಿದ್ದಾರೆ. ಇಲ್ಲಿ ನೀವು ಬಿಡಬೇಕಾದದ್ದು ಗುಣವನ್ನಲ್ಲ, ಒಂದು ಅಭ್ಯಾಸವನ್ನು. "ಈ ವಾರ ಮೂರು ಬಗ್ ಸರಿಮಾಡಿದೆವು, ಪೇಮೆಂಟ್‌ನ ತೊಂದರೆ ಇನ್ನೂ ಇದೆ, ಅದಕ್ಕೆ ಡೇಟಾಬೇಸ್ ಟೀಮಿನ ಸಹಾಯ ಬೇಕು" ಎಂದರೆ ಅದು ಜಂಬ ಆಗುವುದಿಲ್ಲ. ಅದು ವರದಿ. ನಿಮ್ಮ ಕೈಕೆಳಗಿನ ಹುಡುಗರ ಕೆಲಸ ಮೇಲಿನವರಿಗೆ ಗೊತ್ತಾಗುವುದು ನಿಮ್ಮ ಬಾಯಿಂದಲೇ. ನೀವು ಸುಮ್ಮನಿದ್ದರೆ ಅವರ ಸಂಬಳದ ಹೈಕ್ ಕೂಡ ಕಡಿಮೆಯಾಗುತ್ತದೆ. ಇದನ್ನು ಹೇಳಿದ ಮೇಲೆ ಮಾತಾಡುವುದು ಸುಲಭವಾಯಿತು ಎಂದ ಲೀಡ್‌ಗಳಿದ್ದಾರೆ. ಯಾಕೆಂದರೆ ಆಗ ಅವರು ತಮಗೋಸ್ಕರ ಮಾತಾಡುತ್ತಿರುವುದಿಲ್ಲ.

ಹಾಗಾದರೆ ಏನು ಮಾಡಬಹುದು?

ಮೊದಲು ಮೀಟಿಂಗ್. "ಕಾಣಿಸಿಕೊಳ್ಳು" ಎಂದರೆ ಏನು ಎಂದು ಮ್ಯಾನೇಜರ್ ಹತ್ತಿರ ಬಿಡಿಸಿ ಕೇಳಿ. ಯಾವ ಮೀಟಿಂಗ್? ಯಾರ ಮುಂದೆ? ಎಂಥ ವಿಷಯಕ್ಕೆ ನನ್ನ ಅಭಿಪ್ರಾಯ ಬೇಕು? ಎಷ್ಟೋ ಸಲ ಅವರಿಗೆ ಬೇಕಿರುವುದು ವಾರಕ್ಕೆ ಒಂದು ಮೀಟಿಂಗ್‌ನಲ್ಲಿ ಎರಡು ಗಟ್ಟಿ ಮಾತು, ಅಷ್ಟೇ. ನೀವು ಅದನ್ನು ಎಲ್ಲ ಹೊತ್ತೂ ಎಲ್ಲರ ಜೊತೆಗೂ ಗಲಗಲ ಎನ್ನಬೇಕು ಎಂದು ತೆಗೆದುಕೊಂಡಿರುತ್ತೀರಿ. ಆಮೇಲೆ ಆ ಮೀಟಿಂಗ್‌ನ ವಿಷಯ ಹಿಂದಿನ ದಿನವೇ ತರಿಸಿಕೊಂಡು, ನಿಮ್ಮ ಎರಡು ಅಂಶ ಬರೆದಿಟ್ಟುಕೊಂಡು, ಮೊದಲ ಹತ್ತು ನಿಮಿಷದೊಳಗೆ ಒಂದನ್ನು ಹೇಳಿಬಿಡಿ. ತಡಮಾಡಿದಷ್ಟೂ ಬಾಯಿ ಕಟ್ಟುತ್ತದೆ. ಉಳಿದದ್ದನ್ನು ಬರಹದಲ್ಲಿ ಕಳಿಸುತ್ತೇನೆ ಎಂದು ಮೊದಲೇ ಒಪ್ಪಂದ ಮಾಡಿಕೊಳ್ಳಿ. ಇದರಲ್ಲಿ ಅಪಾಯ ಒಂದಿದೆ, ಬರಹಕ್ಕೆ ಅಂಟಿಕೊಂಡರೆ ತಪ್ಪಿಸಿಕೊಳ್ಳುತ್ತಿದ್ದಾನೆ ಅನ್ನಬಹುದು. ಅದಕ್ಕೇ "ಮೂರು ತಿಂಗಳು ಹೀಗೆ ಮಾಡಿ ನೋಡೋಣ, ಆಮೇಲೆ ನೀವೇ ಹೇಳಿ" ಎಂದು ಗಡುವು ಹಾಕಿಕೊಳ್ಳಿ. ಇಂಥ ಮೀಟಿಂಗ್ ಆದ ಮೇಲೆ ಹದಿನೈದು ನಿಮಿಷ ಯಾರ ಜೊತೆಗೂ ಮಾತಿಲ್ಲದೆ ಕೆಳಗಿಳಿದು ಒಂದು ಸುತ್ತು ನಡೆದು ಬನ್ನಿ. ಸ್ವಭಾವ ಮೀರಿ ನಡೆದ ಮೇಲೆ ಸುಧಾರಿಸಿಕೊಳ್ಳಲು ಜಾಗ ಬೇಕು ಎಂದು ಕೆನಡಾದ ಮನಶ್ಶಾಸ್ತ್ರಜ್ಞ ಬ್ರಯನ್ ಲಿಟ್ಲ್ ತುಂಬಾ ಬರೆದಿದ್ದಾರೆ, ತಾವೂ ಅಂತರ್ಮುಖಿಯಾಗಿದ್ದುಕೊಂಡು ಉತ್ಸಾಹದಿಂದ ಪಾಠ ಮಾಡಿದವರು ಅವರು. ಕ್ಯಾಲೆಂಡರ್‌ನಲ್ಲಿ ಆ ಹದಿನೈದು ನಿಮಿಷವನ್ನೂ ಬ್ಲಾಕ್ ಮಾಡಿ.

ಪಾರ್ಟಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕುಡಿಯದವರು ಗ್ಲಾಸ್ ಹಿಡಿಯಬೇಕಾಗಿಲ್ಲ. ಮೊದಲ ಒಂದು ಗಂಟೆ ಇದ್ದು, ಎಲ್ಲರನ್ನೂ ಮಾತಾಡಿಸಿ, ಮ್ಯಾನೇಜರ್‌ಗೆ ಹೇಳಿ ಹೊರಡಿ. ಅಲ್ಲಿ ಕೆಲಸದ ಮಾತೂ ಆಗುತ್ತದೆ, ಅದು ನಿಮಗೆ ತಪ್ಪಬಹುದು, ಅದು ನಿಜವಾದ ನಷ್ಟ. ಅದಕ್ಕೆ ಬದಲಾಗಿ ವಾರದಲ್ಲಿ ಒಂದು ದಿನ ಮ್ಯಾನೇಜರ್ ಜೊತೆ ನೀವಿಬ್ಬರೇ ಕೂತು ಚಹಾ ಕುಡಿಯಿರಿ. ಕಡಿಮೆ ಮಾತಿನವರು ಎದುರುಬದುರು ಕೂತಾಗ ಚೆನ್ನಾಗಿ ಮಾತಾಡುತ್ತಾರೆ.

ಇನ್ನು ನಮ್ಮ ಕಡೆ ಮಾತು. ಎರಡು ಥರ ಕನ್ನಡ ಆಡುವುದು ಮೋಸ ಅಲ್ಲ. ಹುಬ್ಬಳ್ಳಿಯವರು, ಮಂಗಳೂರಿನವರು, ಕಲಬುರಗಿಯವರು ಬೆಂಗಳೂರಿಗೆ ಬಂದು ಮಾತನ್ನು ಸ್ವಲ್ಪ ತಿದ್ದಿಕೊಳ್ಳುತ್ತಾರೆ, ಊರಿಗೆ ಹೋಗುವ ರಾತ್ರಿ ಬಸ್ಸು ಹತ್ತಿದ ಕೂಡಲೇ ಹಳೆಯದು ತಾನಾಗಿ ಬರುತ್ತದೆ. ಎದುರಿನವರಿಗೆ ತಿಳಿಯಲಿ ಎಂದು ಮಾತು ಬದಲಿಸಿದರೆ ಅದರಲ್ಲಿ ನಾಚಿಕೆಯ ವಿಷಯ ಏನೂ ಇಲ್ಲ. ಆದರೆ ನೀವು ಬದಲಿಸಿದ್ದು ಅದಕ್ಕಲ್ಲ. ನಗುತ್ತಾರೆ ಎಂದು ಬದಲಿಸಿದಿರಿ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಒಳಗೆ ಒಂದು ಹೊಂದಾಣಿಕೆ, ಇನ್ನೊಂದು ಅಡಗಿಕೊಳ್ಳುವುದು. ಅಡಗಿಕೊಂಡದ್ದಕ್ಕೆ ಅವ್ವನ ಮಾತು ಅಷ್ಟು ಚುಚ್ಚಿತು.

ಆ ಹುಡುಗನ ಜೊತೆ ಒಬ್ಬನೇ ಇದ್ದಾಗ ಮಾತಾಡಿ. ಸಿಟ್ಟು ಬೇಡ, ವಿವರಣೆಯೂ ಬೇಡ. "ನನ್ನ ಮಾತು ಮಿಮಿಕ್ರಿ ಮಾಡ್ತೀಯಲ್ಲ, ನನಗೆ ಅದು ಹಿಡಿಸಲ್ಲ, ನಿಲ್ಲಿಸು" ಅಂದರೆ ಸಾಕು. ಬಹಳಷ್ಟು ಹುಡುಗರು ಅಲ್ಲಿಗೇ ನಿಲ್ಲಿಸುತ್ತಾರೆ, ಕೆಲವರಿಗೆ ನಿಜವಾಗಲೂ ನೋವಾಗುತ್ತದೆ ಎಂದು ಗೊತ್ತೇ ಇರುವುದಿಲ್ಲ. ಮತ್ತೆ ಮಾಡಿದರೆ ಎಲ್ಲರ ಮುಂದೆಯೇ, ನಗದೆ, "ನಮ್ಮ ಮಾತು ಹಿಂಗೇ ಐತಿ. ತಿಳೀಲಿಲ್ಲ ಅಂದ್ರ ಕೇಳು, ಹೇಳ್ತೀನಿ" ಎಂದು ಹೇಳಿ ಕೆಲಸದ ಮಾತಿಗೆ ಹೋಗಿ. ಒಂದೆರಡು ದಿನ ವಾತಾವರಣ ಬಿಗಿಯಾಗಬಹುದು, ತಮಾಷೆ ಗೊತ್ತಾಗದವನು ಎಂದು ಹಿಂದಿನಿಂದ ಅನ್ನಬಹುದು. ಅದನ್ನು ತಡೆದುಕೊಳ್ಳಿ. ಯಾಕೆಂದರೆ ನೀವು ಲೀಡ್. ನಾಳೆ ನಿಮ್ಮ ಟೀಮಿಗೆ ಯಾದಗಿರಿಯಿಂದಲೋ ಚಾಮರಾಜನಗರದಿಂದಲೋ ಒಬ್ಬ ಹೊಸ ಹುಡುಗಿ ಬಂದರೆ, ಲೀಡ್ ಮಾತಿಗೇ ನಗುವ ಜಾಗದಲ್ಲಿ ಅವಳು ಮೊದಲ ದಿನದಿಂದ ಬಾಯಿ ಮುಚ್ಚಿಕೊಳ್ಳುತ್ತಾಳೆ. ಇದು ಬರೀ ನಿಮ್ಮ ಮನಸ್ಸಿನ ಸಮಾಧಾನದ ಪ್ರಶ್ನೆ ಆಗಿ ಉಳಿದಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಧೈರ್ಯ ಬಂತೆಂದು ಟೀಮಿನ ಕನ್ನಡದವರ ಜೊತೆಗೇ ಗುಂಪು ಕಟ್ಟಿಕೊಳ್ಳಬೇಡಿ. ಮೀಟಿಂಗ್ ನಡುವೆ ಕನ್ನಡಕ್ಕೆ ಹೋದರೆ ಒಡಿಶಾದಿಂದಲೋ ಕೇರಳದಿಂದಲೋ ಬಂದವನಿಗೆ ನೀವು ಇವತ್ತು ಪಡುತ್ತಿರುವ ಒಂಟಿತನವೇ ಸಿಗುತ್ತದೆ. ಪ್ಯಾಂಟ್ರಿಯಲ್ಲಿ, ಊಟದಲ್ಲಿ ನಿಮ್ಮ ಮಾತು ಧಾರಾಳವಾಗಿ ಆಡಿ. ಇಂಗ್ಲಿಷ್ ಬಗ್ಗೆಯೂ ಇಷ್ಟೇ ಹೇಳುತ್ತೇನೆ, ಕ್ಲೈಂಟ್‌ಗೆ ತಿಳಿಯುವಷ್ಟು ಸ್ಪಷ್ಟವಾಗಿ, ನಿಧಾನವಾಗಿ ಮಾತಾಡುವುದನ್ನು ಕಲಿಯಿರಿ. ಅವರ ಉಚ್ಚಾರ ನಿಮಗೆ ಬೇಕಾಗಿಲ್ಲ.

ಈಗ ಆ ಕಾಲ್. ಇದನ್ನು ನಾನು ನಿಮ್ಮ ಸ್ವಭಾವದ ಲೆಕ್ಕಕ್ಕೆ ಸೇರಿಸುವುದೇ ಇಲ್ಲ. ಮಾತುಗಾರನೊಬ್ಬ ಹೇಳಿದ್ದರೂ ಅದು ಸುಳ್ಳೇ. ಹೊಂದಿಕೊಳ್ಳಬೇಕು ಎಂದು ದಿನವೂ ಕೇಳಿ ಕೇಳಿ, ಇದೂ ಒಂದು ಹೊಂದಾಣಿಕೆ ಅಂತ ನಿಮಗೆ ಅನ್ನಿಸಿಬಿಟ್ಟಿತು. ಒಳ್ಳೆಯ ಮನುಷ್ಯರು ಜಾರುವುದು ಹೀಗೆಯೇ. ಕಾನ್ಫಿಡೆಂಟ್ ಆಗಿ ಹೇಳು ಅನ್ನುವ ಸಲಹೆ ದನಿಗೆ ಸಂಬಂಧಿಸಿದ್ದು, ಅದನ್ನು ತೆಗೆದುಕೊಳ್ಳಿ. ಮುಗಿದಿದೆ ಅಂತ ಹೇಳು ಅನ್ನುವುದು ವಿಷಯಕ್ಕೆ ಸಂಬಂಧಿಸಿದ್ದು, ಅದನ್ನು ಬಿಡಿ. ಗಟ್ಟಿ ದನಿಯಲ್ಲೇ ನಿಜ ಹೇಳಬಹುದು: "ಮುಖ್ಯ ಭಾಗಗಳ ಟೆಸ್ಟಿಂಗ್ ಆಗಿದೆ. ಉಳಿದದ್ದು ಮುಂದಿನ ಬುಧವಾರಕ್ಕೆ ಮುಗಿಯುತ್ತದೆ. ಅಲ್ಲಿಯವರೆಗೆ ಈ ಎರಡು ಜಾಗದಲ್ಲಿ ತೊಂದರೆ ಬರುವ ಸಾಧ್ಯತೆ ಇದೆ, ಬಂದರೆ ಹೀಗೆ ಸರಿಮಾಡುತ್ತೇವೆ." ದಿನಾಂಕ ಮತ್ತು ದಾರಿ ಎರಡೂ ಕೊಟ್ಟರೆ ಸಿಟ್ಟಾಗುವ ಕ್ಲೈಂಟ್‌ಗಳು ನಾವು ಹೆದರುವುದಕ್ಕಿಂತ ಕಡಿಮೆ.

ಮುಂದಿನ ಸಲ ಕಾಲ್‌ಗೆ ಮೊದಲೇ ಮ್ಯಾನೇಜರ್‌ಗೆ ಮೇಲ್ ಹಾಕಿ, ಇಷ್ಟು ಮುಗಿದಿದೆ, ಇಷ್ಟು ಬಾಕಿ, ನಾನು ಕ್ಲೈಂಟ್‌ಗೆ ಹೀಗೆ ಹೇಳುತ್ತೇನೆ ಎಂದು. ಆಗ ಚಾಟ್‌ನಲ್ಲಿ ಬೇರೆ ಹೇಳಲು ಅವರೂ ಯೋಚಿಸುತ್ತಾರೆ. ಆದರೂ ಒತ್ತಾಯ ಬಂದರೆ "ನೀವೇ ಹೇಳಿ ಸರ್, ನಾನು ವಿವರ ಕೊಡ್ತೇನೆ" ಅನ್ನಿ. ಇದಕ್ಕೆ ಬೆಲೆ ಇದೆ, ಮುಚ್ಚಿಡುವುದಿಲ್ಲ. ರೇಟಿಂಗ್ ಇಳಿಯಬಹುದು, ಮುಂದಿನ ಕಾಲ್‌ಗೆ ಕರೆಯದೆ ಇರಬಹುದು. ಆದರೆ ಸುಮ್ಮನಿರುವುದಕ್ಕೂ ಬೆಲೆ ಇದೆ. ಆ ಕಾಲ್‌ನಲ್ಲಿ ಮಾತಾಡಿದ ದನಿ ನಿಮ್ಮದು. ಪ್ರೊಡಕ್ಷನ್‌ನಲ್ಲಿ, ಅಂದರೆ ಜನ ಬಳಸುತ್ತಿರುವ ಸಾಫ್ಟ್‌ವೇರ್‌ನಲ್ಲಿ, ಏನಾದರೂ ಒಡೆದರೆ ಪ್ರಶ್ನೆ ನಿಮ್ಮ ಮೇಜಿಗೇ ಬರುತ್ತದೆ, ಟೆಸ್ಟಿಂಗ್ ಮಾಡಿದ ನಿಮ್ಮ ಹುಡುಗರಿಗಂತೂ ನಿಜ ಈಗಾಗಲೇ ಗೊತ್ತಿದೆ. ಹೋದ ತಿಂಗಳಿನದನ್ನೂ ಹಾಗೇ ಬಿಡಬೇಡಿ. ಬಾಕಿ ಟೆಸ್ಟಿಂಗ್ ಇನ್ನೂ ಉಳಿದಿದ್ದರೆ ಈ ವಾರವೇ ಮಾಡಿಸಿ ಮುಗಿಸಿ, ಅದರಲ್ಲಿ ದೋಷ ಸಿಕ್ಕರೆ ಕ್ಲೈಂಟ್‌ಗೆ ತಿಳಿಸಲೇಬೇಕು ಎಂದು ಮ್ಯಾನೇಜರ್‌ಗೆ ಬರಹದಲ್ಲಿ ಹೇಳಿ. ಇದು ಪದೇ ಪದೇ ನಡೆಯುತ್ತಿದ್ದರೆ ಮ್ಯಾನೇಜರ್‌ನ ಮೇಲಿನವರ ಹತ್ತಿರ ಹೋಗುವ ದಾರಿ ಇದೆ. ಷೇರುಪೇಟೆಯಲ್ಲಿರುವ ಕಂಪನಿಯಾದರೆ ಇಂಥದ್ದನ್ನು ತಿಳಿಸಲು ಒಂದು ವ್ಯವಸ್ಥೆ ಇರಲೇಬೇಕು ಎಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ. ಅದು ಮೊದಲ ಹೆಜ್ಜೆ ಅಲ್ಲ, ಉಳಿದದ್ದೆಲ್ಲ ಮಾಡಿದ ಮೇಲಿನದು.

ಮನೆಯ ವಿಷಯಕ್ಕೆ ಒಂದೇ ಮಾತು. ನಿಮ್ಮ ಮೌನಕ್ಕೆ ಕಾರಣ ತಾನು ಎಂದು ನಿಮ್ಮ ಹೆಂಡತಿ ಅಂದುಕೊಂಡಿರಬಹುದು. ಆಫೀಸಿನಲ್ಲಿ ಏನಾಗುತ್ತಿದೆ ಎಂದು ನನಗೆ ಬರೆದಷ್ಟನ್ನೇ ಅವರಿಗೂ ಹೇಳಿ. ಬಂದ ಕೂಡಲೇ ಅರ್ಧ ಗಂಟೆ ನನ್ನ ಪಾಡಿಗೆ ಬಿಡು, ಆಮೇಲೆ ಮಾತಾಡೋಣ ಎಂದು ಕೇಳಿಕೊಳ್ಳಿ. ಕೇಳಿದರೆ ಕೊಡುತ್ತಾರೆ.

ಒಂದು ವಿಷಯ ಮಾತ್ರ ನೀವೇ ಗಮನಿಸಬೇಕು. ಒಂದು ರಾತ್ರಿ ನಿದ್ದೆ ಬರಲಿಲ್ಲ ಎಂದಿದ್ದೀರಿ. ಎರಡು ವಾರಕ್ಕಿಂತ ಜಾಸ್ತಿ ನಿದ್ದೆ ಕೆಟ್ಟರೆ, ಊಟ ಸೇರದಿದ್ದರೆ, ಮೊದಲು ಇಷ್ಟವಾಗುತ್ತಿದ್ದ ಯಾವುದರಲ್ಲೂ ಮನಸ್ಸಿಲ್ಲದಿದ್ದರೆ, ಭಾನುವಾರ ಸಂಜೆಯಾದರೆ ಎದೆ ಹೊಡೆದುಕೊಳ್ಳುತ್ತಿದ್ದರೆ, ಬದುಕೇ ಸಾಕು ಅನ್ನಿಸಿದರೆ, ಆಗ ಇದು ಸ್ವಭಾವದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಖಿನ್ನತೆ ಅಥವಾ ಆತಂಕದ ತೊಂದರೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ಬದುಕೇ ಸಾಕು ಅನ್ನಿಸಿದರಂತೂ ಎರಡು ವಾರ ಕಾಯಬೇಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ನೀವು ಬೆಂಗಳೂರಿನಲ್ಲೇ ಇದ್ದೀರಿ, ನಿಮ್ಹಾನ್ಸ್ ಕೂಡ ಇದೆ.

ಕೆಲಸ ಬಿಡಬೇಕೇ? ಈಗಲೇ ಬೇಡ. ಸುಸ್ತಾದಾಗ ಬಿಟ್ಟ ಕೆಲಸದ ಜಾಗದಲ್ಲಿ ಅಂಥದ್ದೇ ಇನ್ನೊಂದನ್ನು ಹಿಡಿಯುವುದು ನಾನು ತುಂಬಾ ನೋಡಿದ್ದೇನೆ, ಯಾಕೆಂದರೆ ಆಗ ಹೊರಗೆ ಬಂದರೆ ಸಾಕಾಗಿರುತ್ತದೆ, ಎಲ್ಲಿಗೆ ಹೋಗುತ್ತಿದ್ದೇನೆ ಎಂದು ನೋಡುವ ತಾಳ್ಮೆ ಇರುವುದಿಲ್ಲ. ನಡುವೆ ಇನ್ನೊಂದು ದಾರಿಯೂ ಇದೆ. ಕೆಲವು ಕಂಪನಿಗಳಲ್ಲಿ ಜನರನ್ನು ನೋಡಿಕೊಳ್ಳದೆ ತಾಂತ್ರಿಕವಾಗಿಯೇ ಮೇಲೆ ಹೋಗುವ ಆರ್ಕಿಟೆಕ್ಟ್‌ನಂಥ ಹುದ್ದೆಗಳಿರುತ್ತವೆ. ಕೋಡ್ ನಿಮಗೆ ಖುಷಿ ಕೊಡುತ್ತದೆ, ಜನರನ್ನು ನಡೆಸುವುದು ಕೊಡುವುದಿಲ್ಲ ಎಂದಾದರೆ ಅದನ್ನು ಕೇಳಿ. ಅಂಥ ಜಾಗಗಳು ಕಡಿಮೆ, ಅಲ್ಲಿಯೂ ಕ್ಲೈಂಟ್ ಮುಂದೆ ಮಾತಾಡುವುದು ತಪ್ಪುವುದಿಲ್ಲ, ಅದು ನೆನಪಿರಲಿ.

ಈ ಮೂರು ತಿಂಗಳು ಮಾಡಿ ನೋಡಿ. ಮಿಮಿಕ್ರಿ ನಿಂತು, ಮೀಟಿಂಗ್‌ನ ವಿಷಯಕ್ಕೆ ಒಂದು ದಾರಿ ಸಿಕ್ಕಿ, ಸುಳ್ಳು ಹೇಳಿಸುವುದು ನಿಂತರೆ ಅಲ್ಲೇ ಇರಿ. ಮೊದಲೆರಡು ಸರಿಹೋಗದಿದ್ದರೂ ಸ್ವಲ್ಪ ದಿನ ತಡೆಯಬಹುದು. ಆದರೆ ಸುಳ್ಳು ಹೇಳಿಸುವುದು ನಿಲ್ಲದಿದ್ದರೆ, ಇಎಂಐ ಲೆಕ್ಕ ಹಾಕಿ, ನೋಟಿಸ್ ಪೀರಿಯಡ್ ಎಷ್ಟು ನೋಡಿಕೊಂಡು, ಕೈಯಲ್ಲಿ ಬೇರೆ ಆಫರ್ ಬಂದ ಮೇಲೆ ಹೊರಡಿ. ಮುಂದಿನ ಇಂಟರ್‌ವ್ಯೂನಲ್ಲಿ ಕೊನೆಗೆ "ನಿಮಗೇನಾದರೂ ಕೇಳುವುದಿದೆಯೇ" ಎನ್ನುತ್ತಾರಲ್ಲ, ಆಗ ಒಂದು ಪ್ರಶ್ನೆ ಕೇಳಿ: ಕಳೆದ ಸಲ ರಿಲೀಸ್ ತಡವಾದಾಗ ಕ್ಲೈಂಟ್‌ಗೆ ಯಾರು, ಏನು ಹೇಳಿದರು? ಉತ್ತರ ಕೊಡುವವರು ತಡವರಿಸುತ್ತಾರೋ, ಸಲೀಸಾಗಿ ವಿವರಿಸುತ್ತಾರೋ ನೋಡಿಕೊಂಡು ಆಮೇಲೆ ಒಪ್ಪಿಕೊಳ್ಳಿ.